ಅರವತ್ತು ದಾಟಿದವರ ಅನುಭವಕ್ಕೆ ಬೆಲೆ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹತ್ತಿರ ಅಪ್ಪನ ಒಂದು ಎಚ್‌ಎಂಟಿ ವಾಚ್ ಇದೆ. ಕೀ ಕೊಡುವ ವಾಚ್. ಕಳೆದ ವರ್ಷ ಅದಕ್ಕೆ ಇದ್ದಕ್ಕಿದ್ದ ಹಾಗೆ ಅವಸರ ಶುರುವಾಯಿತು. ದಿನಕ್ಕೆ ಇಪ್ಪತ್ತು ನಿಮಿಷ ಮುಂದೆ ಓಡುತ್ತಿತ್ತು. ಎಸಿ ಹಾಕಿದ ಒಂದು ದೊಡ್ಡ ಅಂಗಡಿಯಲ್ಲಿ ತೋರಿಸಿದೆ. ಒಳಗಿನ ಮೆಷಿನ್ ಹೋಗಿದೆ, ಪೂರ್ತಿ ಬದಲಾಯಿಸಬೇಕು ಅಂದರು. ಮನಸ್ಸು ಒಪ್ಪಲಿಲ್ಲ. ಚಿಕ್ಕಪೇಟೆ ಕಡೆಯ ಗಲ್ಲಿಯೊಂದರಲ್ಲಿ, ಜೆರಾಕ್ಸ್ ಅಂಗಡಿಯ ಮೆಟ್ಟಿಲ ಕೆಳಗೆ ಕೂತು ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಅವರಿಗೆ ಎಪ್ಪತ್ತೆರಡು ವರ್ಷ.

ಅವರು ವಾಚಿನ ಮುಚ್ಚಳ ಬಿಚ್ಚಲೇ ಇಲ್ಲ. ಡ್ರಾಯರಿನಿಂದ ಚಿಕ್ಕ ದಿಕ್ಸೂಚಿ ತೆಗೆದು ವಾಚಿನ ಪಕ್ಕ ಇಟ್ಟರು. ಮುಳ್ಳು ಗಿರಕ್ಕನೆ ತಿರುಗಿತು.

"ರಾತ್ರಿ ಇದನ್ನ ಎಲ್ಲಿ ಇಡ್ತೀರಿ?"

"ಸ್ಪೀಕರ್ ಮೇಲೆ."

"ಸರಿ ಹೋಯ್ತು."

ಕೂದಲೆಳೆಯಂಥ ಸ್ಪ್ರಿಂಗಿಗೆ ಅಯಸ್ಕಾಂತದ ಗುಣ ಹತ್ತಿ, ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ತಂತಿ ಸುತ್ತಿದ ಒಂದು ಡಬ್ಬಿಯ ಮೇಲೆ ವಾಚ್ ಇಟ್ಟು, ಗುಂಡಿ ಒತ್ತಿ, ನಿಧಾನಕ್ಕೆ ದೂರ ಎಳೆದರು. ಎರಡು ನಿಮಿಷದ ಕೆಲಸ. ನೂರು ರೂಪಾಯಿ ತಗೊಂಡರು.

ಅವರು ಜಾಲಹಳ್ಳಿಯ ವಾಚ್ ಕಾರ್ಖಾನೆಯಲ್ಲಿ ಕೆಲಸ ಕಲಿತವರು. 1961ರಲ್ಲಿ ಎಚ್‌ಎಂಟಿ ವಾಚ್ ತಯಾರಿ ಶುರುವಾಗಿದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ. ಹಿರಿಯರ ಅನುಭವವನ್ನು ಏನು ಮಾಡಬೇಕು ಅನ್ನುವ ಪ್ರಶ್ನೆಗೆ ಇವತ್ತು ಎಲ್ಲರಿಗಿಂತ ಜಾಸ್ತಿ ತಲೆ ಕೆಡಿಸಿಕೊಂಡಿರುವ ದೇಶವೂ ಜಪಾನೇ. ಹಾಗಾಗಿ ಕೆಳಗಿನ ಹೆಚ್ಚಿನ ಉತ್ತರಗಳು ಆ ಕಡೆಯಿಂದಲೇ ಬಂದಿವೆ.

ಅನುಭವ ಅನುಭವ ಅಂತ ಎಲ್ಲರೂ ಹೇಳ್ತಾರೆ. ಅದಕ್ಕೆ ದುಡ್ಡಿನ ಲೆಕ್ಕ ಇದೆಯಾ?

ಇದೆ. ಆದರೆ ಅದು ತಪ್ಪು ಕಾಲಮ್ಮಿನಲ್ಲಿ ಕೂತಿರುತ್ತದೆ. ನನ್ನ ವಾಚಿನ ವಿಷಯವನ್ನೇ ನೋಡಿ. ರಿಪೇರಿಯವರ ಪುಸ್ತಕದಲ್ಲಿ ನೂರು ರೂಪಾಯಿ ಆದಾಯ. ನನಗೆ ಉಳಿದಿದ್ದು ಒಂದು ಇಡೀ ಮೆಷಿನ್. ಆ ಉಳಿತಾಯ ಯಾರ ಲೆಕ್ಕದ ಪುಸ್ತಕದಲ್ಲೂ ಇಲ್ಲ. ಆಗದೇ ಹೋದ ನಷ್ಟವನ್ನು ಯಾರು ಬರೆದಿಡುತ್ತಾರೆ ಹೇಳಿ.

ಬರೆದಿಟ್ಟವರೂ ಇದ್ದಾರೆ. ಜರ್ಮನಿಯಲ್ಲಿ ಅರ್ಥಶಾಸ್ತ್ರಜ್ಞರಾದ ಆಕ್ಸೆಲ್ ಬೋರ್ಷ್ ಸುಪಾನ್ ಮತ್ತು ಮತ್ಯಾಸ್ ವೈಸ್ ಒಂದು ಟ್ರಕ್ ಜೋಡಣೆ ಕಾರ್ಖಾನೆಯಲ್ಲಿ ನಾಲ್ಕು ವರ್ಷದ ತಪ್ಪುಗಳ ದಾಖಲೆ ತೆಗೆದು ನೋಡಿದರು. ಯಾವ ತಂಡ ಯಾವ ತಪ್ಪು ಮಾಡಿತು, ಅದು ಎಷ್ಟು ದೊಡ್ಡದು ಅನ್ನುವ ದಾಖಲೆ ಅದು. ವಯಸ್ಸಾದವರು ಸಣ್ಣಪುಟ್ಟ ತಪ್ಪುಗಳನ್ನು ಸ್ವಲ್ಪ ಜಾಸ್ತಿಯೇ ಮಾಡುತ್ತಿದ್ದರು. ಆದರೆ ದೊಡ್ಡ ತಪ್ಪು, ಅಂದರೆ ತಿದ್ದಲು ನಿಜವಾಗಿ ದುಡ್ಡು ಸುರಿಯಬೇಕಾದ ತಪ್ಪು, ಅವರಿಂದ ಆಗುತ್ತಿದ್ದುದು ಬಹಳ ಅಪರೂಪ. ಎರಡನ್ನೂ ಕೂಡಿಸಿ ಕಳೆದರೆ ಕಡೇಪಕ್ಷ 60ರವರೆಗಂತೂ ಉತ್ಪಾದಕತೆ ಇಳಿದಿರಲಿಲ್ಲ. ಲೈನು ನಿಂತಾಗ ಗಾಬರಿ ಬೀಳದೆ ಮೊದಲು ಏನು ಮಾಡಬೇಕು ಅಂತ ಗೊತ್ತಿದ್ದವರು ಅವರೇ.

ಇನ್ನೊಂದು ಲೆಕ್ಕ ಅಂಗಡಿಯದು. ಸುತ್ತಿಗೆ, ಬಣ್ಣ, ನಲ್ಲಿ ಇಂಥ ಸಾಮಾನು ಮಾರುವ ಬಿ ಅಂಡ್ ಕ್ಯೂ ಅನ್ನುವ ಬ್ರಿಟಿಷ್ ಕಂಪನಿ 1989ರಲ್ಲಿ ಮ್ಯಾಕಲ್ಸ್‌ಫೀಲ್ಡ್ ಊರಿನ ಮಳಿಗೆಗೆ 50 ದಾಟಿದವರನ್ನು ಮಾತ್ರ ಸೇರಿಸಿಕೊಂಡಿತು. ಅಲ್ಲಿಗೆ ಬರುವ ಗಿರಾಕಿಗೆ ಬೇಕಾಗಿದ್ದು ಬರೀ ನಲ್ಲಿಯಲ್ಲ. ಹಳೇ ಮನೆಯ ಪೈಪಿಗೆ ಈ ನಲ್ಲಿ ಕೂರುತ್ತಾ ಅಂತ ಹೇಳುವವರು ಬೇಕಿತ್ತು. ಆಮೇಲೆ ಬೇರೆ ನಾಲ್ಕು ಮಳಿಗೆಗಳ ಜೊತೆ ಹೋಲಿಸಿ ನೋಡಿದರು. ಲಾಭ 18% ಜಾಸ್ತಿ, ರಜೆ ಹಾಕುವುದು 39% ಕಡಿಮೆ, ಕೆಲಸ ಬಿಟ್ಟು ಹೋಗುವವರು ಆರನೇ ಒಂದು ಪಾಲು.

ವಯಸ್ಸಾದ ಮೇಲೆ ಕೈ ನಿಧಾನ ಆಗುತ್ತೆ ಅಲ್ವಾ? ಸುಮ್ನೆ ಹೊಗಳೋದ್ಯಾಕೆ?

ಆಗುತ್ತದೆ. ಕಣ್ಣು, ಕಿವಿ, ಮಂಡಿ ಎಲ್ಲವೂ. ಹೊಸದನ್ನು ತಟ್ಟನೆ ಹಿಡಿಯುವ ಚುರುಕು ಮೂವತ್ತರಿಂದಲೇ ಇಳಿಯತೊಡಗುತ್ತದೆ. ಕೂಡಿಟ್ಟ ತಿಳಿವಳಿಕೆ ಮಾತ್ರ ಬಹಳ ಕಾಲ ಉಳಿಯುತ್ತದೆ, ಎಷ್ಟೋ ಜನರಲ್ಲಿ ಬೆಳೆಯುತ್ತದೆ ಕೂಡ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದಾ ಅನ್ನುವುದೇ ಪ್ರಶ್ನೆ.

ಇದಕ್ಕೆ ನನಗೆ ತುಂಬ ಇಷ್ಟವಾದ ಪ್ರಯೋಗ ಟೈಪಿಸ್ಟರದು. 1984ರಲ್ಲಿ ತಿಮೋತಿ ಸಾಲ್ಟ್‌ಹೌಸ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞ 19ರಿಂದ 72 ವರ್ಷದ ಟೈಪಿಸ್ಟರನ್ನು ಕೂರಿಸಿ ಪರೀಕ್ಷೆ ಮಾಡಿದರು. ಬೆಳಕು ಕಂಡ ಕೂಡಲೇ ಗುಂಡಿ ಒತ್ತಿ ಅಂದರೆ ವಯಸ್ಸಾದವರು ಹಿಂದೆ ಬಿದ್ದರು. ಆದರೆ ಟೈಪ್ ಮಾಡಿ ಅಂದಾಗ ಅದೇ ವೇಗ. ಹೇಗೆ? ಅವರ ಕಣ್ಣು ಬೆರಳಿಗಿಂತ ಜಾಸ್ತಿ ಅಕ್ಷರ ಮುಂದೆ ಓದುತ್ತಿತ್ತು. ಮುಂದೆ ಯಾವ ಅಕ್ಷರ ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಬೆರಳಿಗೆ ತಯಾರಾಗಲು ಸಮಯ ಸಿಗುತ್ತದೆ.

ಮುಂದೆ ನೋಡಲು ಏನಾದರೂ ಇರುವ ಕೆಲಸಗಳಿಗೆ ಮಾತ್ರ ಇದು ಸರಿ. ಮೂಟೆ ಹೊರುವ ಕೆಲಸದಲ್ಲಿ ಮುಂದೆ ನೋಡಿ ಏನು ಮಾಡುವುದು? ಅಲ್ಲಿ ಅನುಭವ ಬೆನ್ನುನೋವು ತಪ್ಪಿಸುವುದನ್ನು ಕಲಿಸಬಹುದು, ಅಷ್ಟೇ. ತಂತ್ರಜ್ಞಾನ ಬುಡಸಮೇತ ಬದಲಾದ ಕಡೆ ಹಳೇ ಅನುಭವ ಅಡ್ಡಿಯೂ ಆಗಬಹುದು. "ನಮ್ಮ ಕಾಲದಲ್ಲಿ" ಅಂತ ಶುರು ಮಾಡುವವರ ಎದುರು ಕೂತವರಿಗೆಲ್ಲ ಇದು ಗೊತ್ತು.

ಜಪಾನಿನಲ್ಲಿ ನಿಜವಾಗಲೂ ಎಷ್ಟು ಜನ ಹಿರಿಯರು ದುಡಿಯುತ್ತಾರೆ?

2023ರಲ್ಲಿ 65 ದಾಟಿದ 91.4 ಲಕ್ಷ ಜನ ಕೆಲಸದಲ್ಲಿದ್ದರು. ಅಂದರೆ ದುಡಿಯುವ ಏಳೆಂಟು ಜನರಲ್ಲಿ ಒಬ್ಬರು. ಸತತ 20 ವರ್ಷ ಈ ಸಂಖ್ಯೆ ಏರುತ್ತಲೇ ಬಂದಿತ್ತು. 65ರಿಂದ 69ರ ನಡುವಿನವರಲ್ಲಂತೂ ಅರ್ಧಕ್ಕಿಂತ ಜಾಸ್ತಿ ಜನ ಕೆಲಸ ಮಾಡುತ್ತಾರೆ. ದೇಶದ ಜನಸಂಖ್ಯೆಯಲ್ಲಿ 29% ಜನ 65 ದಾಟಿದವರು. ಇವರೆಲ್ಲ ಒಂದೇ ದಿನ ಮನೆಯಲ್ಲಿ ಕೂತರೆ ಟ್ಯಾಕ್ಸಿ, ಕಟ್ಟಡದ ಕಾವಲು, ಹೊಲ, ಸೂಪರ್ ಮಾರ್ಕೆಟ್ ಎಲ್ಲವೂ ತಡವರಿಸುತ್ತವೆ.

ಅಲ್ಲಿ ನಿವೃತ್ತಿ ವಯಸ್ಸು ಎಷ್ಟು?

ಒಂದು ಕಾಲಕ್ಕೆ 55 ಮಾಮೂಲಿ. 1998ರಿಂದ 60ಕ್ಕಿಂತ ಮೊದಲು ನಿವೃತ್ತಿ ಮಾಡಿಸುವ ಹಾಗಿಲ್ಲ. 2006ರಿಂದ ಹಂತ ಹಂತವಾಗಿ 65ರವರೆಗೆ ಕೆಲಸ ಕೊಡುವ ಹೊಣೆ ಕಂಪನಿಯ ಮೇಲೆ ಬಂತು. 2021ರ ಏಪ್ರಿಲ್‌ನಿಂದ 70ರವರೆಗೂ ಅವಕಾಶ ಮಾಡಿಕೊಡಲು ಪ್ರಯತ್ನಿಸಬೇಕು ಅಂತ ಕಾನೂನು ಹೇಳುತ್ತದೆ. ಈ ಕೊನೆಯದು ಕಡ್ಡಾಯವಲ್ಲ.

65ರವರೆಗಿನ ಹೊಣೆಗೆ ಕಂಪನಿಗಳ ಮುಂದೆ ಮೂರು ದಾರಿ ಇವೆ. ನಿವೃತ್ತಿ ವಯಸ್ಸನ್ನೇ ತೆಗೆದುಹಾಕುವುದು, ಅದನ್ನು 65ಕ್ಕೆ ಏರಿಸುವುದು, ಇಲ್ಲವೇ 60ಕ್ಕೆ ನಿವೃತ್ತಿ ಮಾಡಿಸಿ ಮತ್ತೆ ಗುತ್ತಿಗೆಯ ಮೇಲೆ ಕರೆಯುವುದು. ಹೆಚ್ಚಿನವರು ಹಿಡಿದಿದ್ದು ಮೂರನೆಯದನ್ನು. ಯಾಕೆ ಅನ್ನುವುದು ಮುಂದಿನ ಪ್ರಶ್ನೆಯಲ್ಲಿದೆ.

ಮತ್ತೆ ಕರೆದಾಗ ಅದೇ ಸಂಬಳ ಕೊಡುತ್ತಾರಾ?

ಇಲ್ಲ. ಈ ವಿಷಯದಲ್ಲಿ ಜಪಾನನ್ನು ಹೊಗಳಲು ನನ್ನಿಂದ ಆಗದು.

ಅಲ್ಲಿ ಹಳೇ ಪದ್ಧತಿಯ ಪ್ರಕಾರ ಸಂಬಳ ವಯಸ್ಸಿನ ಜೊತೆ ಏರುತ್ತದೆ. ಇಪ್ಪತ್ತರಲ್ಲಿ ಮಾಡಿದ ಕೆಲಸಕ್ಕಿಂತ ಕಡಿಮೆ, ಐವತ್ತರಲ್ಲಿ ಮಾಡಿದ ಕೆಲಸಕ್ಕಿಂತ ಜಾಸ್ತಿ. ಒಂಥರಾ ಚೀಟಿ ಹಾಕಿದ ಹಾಗೆ. ಆ ಚೀಟಿ ಎಂದಾದರೂ ಮುಗಿಯಲೇಬೇಕು, ಅದಕ್ಕೇ ಕಟ್ಟುನಿಟ್ಟಾದ ನಿವೃತ್ತಿ. 60 ಆದ ಮರುದಿನ ಅದೇ ಮನುಷ್ಯ ಅದೇ ಮೇಜಿಗೆ ಗುತ್ತಿಗೆಯಲ್ಲಿ ಬಂದಾಗ ಸಂಬಳ ಧಡಕ್ಕನೆ ಇಳಿದಿರುತ್ತದೆ.

ಇದು ಕೋರ್ಟಿಗೂ ಹೋಯಿತು. ಒಂದು ಸಾಗಣೆ ಕಂಪನಿಯ ಮೂವರು ಚಾಲಕರು 60ಕ್ಕೆ ನಿವೃತ್ತರಾಗಿ ಮತ್ತೆ ಸೇರಿದ್ದರು. ಅದೇ ಲಾರಿ, ಅದೇ ಕೆಲಸ, ಆದಾಯ ಮಾತ್ರ ಸುಮಾರು 20% ಕಡಿಮೆ. 2018ರ ಜೂನ್ 1ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಿವೃತ್ತಿಯ ನಂತರದ ಕೆಲಸ, ಪಿಂಚಣಿಯೂ ಬರಲಿದೆ, ಆದ್ದರಿಂದ ಹೆಚ್ಚಿನ ವ್ಯತ್ಯಾಸ ಅನ್ಯಾಯವೇನಲ್ಲ ಅಂದಿತು. ಮುಖ್ಯವಾಗಿ ಒಂದನ್ನು ತಪ್ಪು ಅಂದಿತು: ರಜೆ ಹಾಕದೆ ಬಂದವರಿಗೆ ಕೊಡುವ ಪೂರ್ಣ ಹಾಜರಿ ಭತ್ಯೆ. ತಪ್ಪದೆ ಕೆಲಸಕ್ಕೆ ಬರಬೇಕಾದ ಅಗತ್ಯ ಮುದುಕರಿಗೂ ಯುವಕರಿಗೂ ಒಂದೇ ಅಲ್ವಾ, ಹಾಗಾದರೆ ಭತ್ಯೆಯೂ ಒಂದೇ ಇರಬೇಕು ಅನ್ನುವ ವಾದ.

ಈ ತೀರ್ಪನ್ನು ಓದಿದಾಗ ನನಗೆ ಅಪ್ಪ ನೆನಪಾದರು. ಅವರು ಒಂದು ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿದ್ದರು. ನಿವೃತ್ತಿಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಗಣಪತಿ ವಿಗ್ರಹ ಕೈಗಿಟ್ಟು ಕಳಿಸಿದರು. ಆಮೇಲೆ ಎರಡು ವರ್ಷ ರಾತ್ರಿ ಹೊತ್ತು ಫೋನು. "ಸಾರ್, ಪ್ರೆಷರ್ ನಿಲ್ತಾ ಇಲ್ಲ." ಅಪ್ಪ ಹಾಸಿಗೆ ಮೇಲೆ ಕೂತೇ ಹೇಳುತ್ತಿದ್ದರು: "ಮೂರನೇ ಶೆಡ್ಡಿನ ಸ್ಟೀಮ್ ಟ್ರ್ಯಾಪ್ ನೋಡಪ್ಪ. ಮಳೆಗಾಲದಲ್ಲಿ ಅದೇ ಕೈಕೊಡೋದು." ಹತ್ತು ನಿಮಿಷ ಬಿಟ್ಟು ಮತ್ತೆ ಫೋನು, ಸರಿಹೋಯಿತು ಅಂತ. ಯಾರೂ ಒಂದು ರೂಪಾಯಿ ಕೊಡಲಿಲ್ಲ, ಅಪ್ಪ ಕೇಳಲೂ ಇಲ್ಲ. ಫೋನು ಬಂದ ದಿನ ಖುಷಿಯಾಗಿರುತ್ತಿದ್ದರು. ಆ ಖುಷಿಯನ್ನೇ ಕಾರ್ಖಾನೆ ಪುಕ್ಕಟೆ ಬಳಸಿಕೊಂಡಿತು ಅಂತ ನನಗೆ ಈಗಲೂ ಸಿಟ್ಟಿದೆ.

ಸಿಲ್ವರ್ ಕೇಂದ್ರ ಅಂತ ಕೇಳಿದ್ದೇವೆ. ಏನದು?

ಜಪಾನಿನ ಹೆಚ್ಚುಕಡಿಮೆ ಪ್ರತಿ ಊರಲ್ಲೂ ಹಿರಿಯರ ಕೆಲಸದ ಕೇಂದ್ರವೊಂದು ಇರುತ್ತದೆ. ಶುರುವಾಗಿದ್ದು 1970ರ ದಶಕದ ಮಧ್ಯದಲ್ಲಿ, ಟೋಕಿಯೊದಲ್ಲಿ. 1986ರಲ್ಲಿ ಕಾನೂನಿನ ಬಲ ಸಿಕ್ಕಿತು. ಈಗ ಸುಮಾರು 1,300 ಕೇಂದ್ರಗಳು, 6 ಲಕ್ಷಕ್ಕಿಂತ ಜಾಸ್ತಿ ಸದಸ್ಯರು. 60 ದಾಟಿದವರು ಹೆಸರು ಬರೆಸಬಹುದು.

ಮನೆಯವರು ಕೇಂದ್ರಕ್ಕೆ ಫೋನ್ ಮಾಡುತ್ತಾರೆ. ತೋಟದ ಪೈನ್ ಮರ ಸವರಬೇಕು, ಕಾಗದದ ಬಾಗಿಲಿಗೆ ಹೊಸ ಕಾಗದ ಅಂಟಿಸಬೇಕು, ಸೈಕಲ್ ಸ್ಟ್ಯಾಂಡ್ ನೋಡಿಕೊಳ್ಳಬೇಕು, ಮದುವೆ ಕರೆಯೋಲೆಯ ಮೇಲೆ ಕುಂಚದಿಂದ ಹೆಸರು ಬರೆಯಬೇಕು. ಕೇಂದ್ರ ಕೆಲಸ ಒಪ್ಪಿಕೊಂಡು ಸದಸ್ಯರಿಗೆ ಹಂಚುತ್ತದೆ. ತಿಂಗಳಿಗೆ ಹತ್ತು ದಿನದ ಆಸುಪಾಸು, ವಾರಕ್ಕೆ 20 ಗಂಟೆಯ ಒಳಗೆ. ಬರುವ ದುಡ್ಡನ್ನು ಸಂಬಳ ಅನ್ನುವುದಿಲ್ಲ, ಪಾಲು ಅನ್ನುತ್ತಾರೆ. ಹೊಟ್ಟೆ ತುಂಬುವಷ್ಟಲ್ಲ, ಪಿಂಚಣಿಯ ಮೇಲೆ ಕೈಖರ್ಚಿಗೆ ಆಗುವಷ್ಟು.

ದೂರೂ ಇದೆ. ಸಂಬಳ ಅಲ್ಲದ ಕಾರಣ ಕಾರ್ಮಿಕ ಕಾನೂನಿನ ಎಷ್ಟೋ ರಕ್ಷಣೆ ಇವರಿಗೆ ಸಿಗುವುದಿಲ್ಲ. ಜೊತೆಗೆ, ನಲವತ್ತು ವರ್ಷ ಲೆಕ್ಕಪತ್ರ ನೋಡಿದವರಿಗೂ ಹುಲ್ಲು ಕೀಳುವ ಕೆಲಸವೇ ಸಿಗಬಹುದು. ಆಗ ಬಳಕೆಯಾಗಿದ್ದು ಅವರ ಸಮಯ ಮಾತ್ರ, ಅನುಭವ ಅಲ್ಲ.

ಹಿರಿಯರು ಸೀಟು ಬಿಡದಿದ್ದರೆ ಹುಡುಗರಿಗೆ ಕೆಲಸ ಎಲ್ಲಿಂದ ಬರಬೇಕು?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಸಿಟ್ಟಿನ ಜೊತೆ ಬರುವ ಪ್ರಶ್ನೆಯೂ ಇದೇ.

ದೇಶದ ಮಟ್ಟದಲ್ಲಿ ನೋಡಿದರೆ ಕೆಲಸ ಅನ್ನುವುದು ಬಸ್ಸಿನ ಸೀಟಲ್ಲ. ಫ್ರಾನ್ಸ್ 1983ರಲ್ಲಿ ಪೂರ್ತಿ ಪಿಂಚಣಿಯ ವಯಸ್ಸನ್ನು 65ರಿಂದ 60ಕ್ಕೆ ಇಳಿಸಿತು. ಹಿರಿಯರು ಬೇಗ ಮನೆಗೆ ಹೋದರೆ ಯುವಕರಿಗೆ ಜಾಗ ಆಗುತ್ತದೆ ಅನ್ನುವ ಆಸೆಯೂ ಅದರ ಹಿಂದಿತ್ತು. ಯುವಕರ ನಿರುದ್ಯೋಗ ಅದರಿಂದ ಕರಗಲಿಲ್ಲ. ಜೊನಾಥನ್ ಗ್ರೂಬರ್ ಮತ್ತು ಡೇವಿಡ್ ವೈಸ್ ನೇತೃತ್ವದಲ್ಲಿ 12 ದೇಶಗಳ ಅಂಕಿಅಂಶ ನೋಡಿದಾಗಲೂ ಹಿರಿಯರು ಹೊರಟ ಕಡೆ ಯುವಕರಿಗೆ ಕೆಲಸ ಜಾಸ್ತಿಯಾಗಿದ್ದಕ್ಕೆ ಪುರಾವೆ ಸಿಗಲಿಲ್ಲ. ದುಡಿಯುವ ಹಿರಿಯರು ಖರ್ಚೂ ಮಾಡುತ್ತಾರೆ, ತೆರಿಗೆಯನ್ನೂ ಕಟ್ಟುತ್ತಾರೆ. ಅವರ ಪಿಂಚಣಿಗೆ ದುಡ್ಡು ಹೊಂದಿಸುವ ಹೊರೆ ಯುವಕರ ಸಂಬಳದ ಮೇಲೆ ಅಷ್ಟು ಕಡಿಮೆ ಬೀಳುತ್ತದೆ.

ಆದರೆ ಒಂದು ಆಫೀಸಿನ ಒಳಗೆ ನೋಡಿದರೆ ಹುಡುಗರ ಸಿಟ್ಟು ಸರಿಯೇ. ಮಂಜೂರಾದ ಹುದ್ದೆ ಹತ್ತೇ ಇದ್ದು, ಮೇಲಿನವರು ಎರಡು ವರ್ಷ ಜಾಸ್ತಿ ಕೂತರೆ ಕೆಳಗಿನವರ ಬಡ್ತಿ ಎರಡು ವರ್ಷ ಮುಂದೆ ಹೋಗುತ್ತದೆ. ಸರ್ಕಾರಿ ಕೆಲಸಕ್ಕೆ ಕಾದು ಕೂತವರಿಗೆ 12 ದೇಶದ ಅಂಕಿಅಂಶ ಹೇಳಿ ಏನು ಪ್ರಯೋಜನ? ಹಿರಿಯರನ್ನು ಉಳಿಸಿಕೊಳ್ಳಿ, ಕುರ್ಚಿಯನ್ನು ಬಿಡಿಸಿ ಅನ್ನುವುದು ನನ್ನ ಅಭಿಪ್ರಾಯ. ಸಹಿ ಹಾಕುವ ಅಧಿಕಾರ ಕಿರಿಯರಿಗೆ ಹೋಗಲಿ, ಹಿರಿಯರು ಪಕ್ಕದ ಮೇಜಿನಲ್ಲಿ ಇರಲಿ. ಸಂಕೋಚ ಆಗುತ್ತದೆ, ನಿಜ. ನಿನ್ನೆಯ ಸಾಹೇಬರು ಇವತ್ತು ನನ್ನ ಕೈಕೆಳಗೆ ಅಂದರೆ ಇಬ್ಬರಿಗೂ ಕಸಿವಿಸಿ. ಜಪಾನಿನಲ್ಲೂ ಅದೇ ಕತೆ.

ಗೊತ್ತಿರೋದನ್ನೆಲ್ಲ ಬರೆದಿಟ್ಟು ಹೋಗಿ ಅಂದರೆ ಆಯ್ತಲ್ಲ?

ಹಾಗೆಂದುಕೊಂಡು ಏಟು ತಿಂದವರು ಬಹಳ.

ಅಮೆರಿಕದಲ್ಲಿ ಅಣುಸಿಡಿತಲೆಯೊಂದಕ್ಕೆ ಬೇಕಾದ ಒಂದು ವಸ್ತುವಿಗೆ ಫಾಗ್‌ಬ್ಯಾಂಕ್ ಅಂತ ಗುಟ್ಟಿನ ಹೆಸರು. 1980ರ ದಶಕದಲ್ಲಿ ಅದನ್ನು ತಯಾರಿಸುತ್ತಿದ್ದರು. 2000ದ ನಂತರ ಮತ್ತೆ ಬೇಕಾಯಿತು. ಹೇಗೆ ಮಾಡುವುದು ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ! ದಾಖಲೆ ಕಡಿಮೆ ಇತ್ತು, ಗೊತ್ತಿದ್ದವರೆಲ್ಲ ನಿವೃತ್ತರಾಗಿದ್ದರು ಇಲ್ಲವೇ ಕೆಲಸ ಬಿಟ್ಟಿದ್ದರು. 2009ರಲ್ಲಿ ಅಲ್ಲಿನ ಸರ್ಕಾರಿ ಲೆಕ್ಕ ತಪಾಸಣಾ ಕಚೇರಿಯೇ ಇದನ್ನು ವರದಿಯಲ್ಲಿ ಬರೆಯಿತು. ಕೋಟಿಗಟ್ಟಲೆ ಡಾಲರ್, ವರ್ಷಗಟ್ಟಲೆ ಸಮಯ ಹೋಯಿತು. ಇನ್ನೊಂದು 2020ರ ಏಪ್ರಿಲ್‌ದು. ಕೊರೊನಾ ಸಮಯದಲ್ಲಿ ನಿರುದ್ಯೋಗ ಭತ್ಯೆಯ ಅರ್ಜಿಗಳು ಮುಗಿಬಿದ್ದಾಗ ನ್ಯೂಜೆರ್ಸಿಯ ರಾಜ್ಯಪಾಲರು ಕೋಬಾಲ್ ಅನ್ನುವ ಹಳೇ ಕಂಪ್ಯೂಟರ್ ಭಾಷೆ ಬಲ್ಲವರು ನೆರವಿಗೆ ಬನ್ನಿ ಅಂತ ಟಿವಿ ಮುಂದೆ ಕೇಳಿಕೊಂಡರು. ಆ ಭಾಷೆಯಲ್ಲಿ ಪಳಗಿದವರಲ್ಲಿ ಎಷ್ಟೋ ಜನ ಆಗಲೇ ಮನೆ ಸೇರಿದ್ದರು.

ಜಪಾನಿಗೆ ಈ ಹೆದರಿಕೆ ಮೊದಲೇ ಹತ್ತಿತ್ತು. ಯುದ್ಧ ಮುಗಿದ ಮೇಲೆ, 1947ರಿಂದ 1949ರ ನಡುವೆ ಅಲ್ಲಿ ಮಕ್ಕಳ ಸಂತೆಯೇ ಹುಟ್ಟಿತು. ಅವರ ಮೊದಲ ಸಾಲು 60 ಮುಟ್ಟುವುದು 2007ರಲ್ಲಿ. ಅದಕ್ಕೆ "2007ರ ಸಮಸ್ಯೆ" ಅಂತಲೇ ಹೆಸರಿಟ್ಟರು. ಕುಶಲಕರ್ಮಿಗಳ ಕೈಚಳಕವನ್ನು ವಿಡಿಯೋ ಮಾಡಿದರು, ಕೈಪಿಡಿ ಬರೆಸಿದರು. ಕೊನೆಗೆ ಕೆಲಸಕ್ಕೆ ಬಂದಿದ್ದು ಮಾತ್ರ ಆ ಜನರನ್ನೇ ಇನ್ನಷ್ಟು ದಿನ ಉಳಿಸಿಕೊಂಡು, ಕಿರಿಯರನ್ನು ಪಕ್ಕದಲ್ಲಿ ನಿಲ್ಲಿಸಿದ್ದು.

ನಮ್ಮ ಅಡುಗೆಮನೆಯಲ್ಲೇ ನೋಡಿ. ಅಜ್ಜಿಯ ಹತ್ತಿರ ಸಾರಿನ ಪುಡಿಯ ಅಳತೆ ಬರೆಸಿಕೊಳ್ಳಬಹುದು. "ಘಮ್ ಅನ್ನೋವರೆಗೆ ಹುರಿ" ಅನ್ನುವ ಸಾಲನ್ನು ಯಾವ ಅಳತೆಯಲ್ಲಿ ಬರೆಯುತ್ತೀರಿ? ಪಕ್ಕದಲ್ಲಿ ನಿಂತು ಎರಡು ಸಲ ಸೀಯಿಸಿದ ಮೇಲೇ ಅದು ಬರುವುದು.

ಹಿರಿಯರಿಗಾಗಿ ಕೆಲಸದ ಜಾಗ ಬದಲಾಯಿಸಲು ತುಂಬ ಖರ್ಚಾಗುತ್ತಾ?

2007ರಲ್ಲಿ ಬಿಎಂಡಬ್ಲ್ಯು ಕಂಪನಿ ಜರ್ಮನಿಯ ಡಿಂಗಲ್‌ಫಿಂಗ್ ಕಾರ್ಖಾನೆಯಲ್ಲಿ ಒಂದು ಪ್ರಯೋಗ ಮಾಡಿತು. ಹತ್ತು ವರ್ಷದ ನಂತರ ತಮ್ಮ ಕೆಲಸಗಾರರ ಸರಾಸರಿ ವಯಸ್ಸು 47 ಆಗುತ್ತದೆ ಅಂತ ಲೆಕ್ಕ ಹಾಕಿ, ಅದೇ ಸರಾಸರಿ ಇರುವ ಹಾಗೆ ಒಂದು ಲೈನಿಗೆ ಜನರನ್ನು ಹಾಕಿದರು. ಏನು ಬದಲಾಯಿಸಬೇಕು ಅಂತ ಕೆಲಸಗಾರರನ್ನೇ ಕೇಳಿದರು. ಸಿಮೆಂಟು ನೆಲದ ಮೇಲೆ ಮರದ ಹಾಸು. ಕ್ಷೌರದ ಅಂಗಡಿಯಲ್ಲಿರುವಂಥ ಕುರ್ಚಿ. ಸಣ್ಣ ಭಾಗ ನೋಡಲು ಭೂತಗನ್ನಡಿ. ಪರದೆಯ ಮೇಲೆ ದೊಡ್ಡ ಅಕ್ಷರ. ಹೀಗೆ 70 ಸಣ್ಣ ಬದಲಾವಣೆ. ಒಟ್ಟು ಖರ್ಚು ಸುಮಾರು 40,000 ಯೂರೋ. ಒಂದೇ ವರ್ಷದಲ್ಲಿ ಉತ್ಪಾದಕತೆ 7% ಏರಿತು. ಒಂದು ಕಾರ್ ಕಾರ್ಖಾನೆಗೆ ಆ ಖರ್ಚು ಕಾಫಿ ತಿಂಡಿಯ ಲೆಕ್ಕ.

ಬದಲಾಯಿಸದೇ ಇದ್ದರೂ ಖರ್ಚಿದೆ. ಜಪಾನಿನಲ್ಲಿ 2023ರಲ್ಲಿ ಉದ್ಯೋಗಿಗಳ ಪೈಕಿ 60 ದಾಟಿದವರು 19%ಕ್ಕಿಂತ ಸ್ವಲ್ಪ ಕಡಿಮೆ, ಕೆಲಸದ ವೇಳೆ ಗಾಯಗೊಂಡವರ ಪೈಕಿ ಅವರು 29%. ಎಡವಿ, ಜಾರಿ ಬಿದ್ದವರೇ ಬಹಳ. ಒದ್ದೆ ನೆಲ, ಮಬ್ಬು ಬೆಳಕಿನ ಮೆಟ್ಟಿಲು ಸರಿ ಮಾಡದೆ ಹಿರಿಯರನ್ನು ಕೆಲಸಕ್ಕೆ ಕರೆಯುವುದು ತಪ್ಪು.

ಇದೆಲ್ಲ ಕಾರ್ಖಾನೆ, ಆಫೀಸಿನ ಮಾತಾಯ್ತು. ಹಳ್ಳಿಯಲ್ಲಿ?

ಶಿಕೋಕು ದ್ವೀಪದಲ್ಲಿ ಕಮಿಕಾತ್ಸು ಅಂತ ಒಂದು ಬೆಟ್ಟದೂರು. ಸುಮಾರು 1,400 ಜನ, ಅರ್ಧಕ್ಕಿಂತ ಜಾಸ್ತಿ ಮಂದಿ 65 ದಾಟಿದವರು. 1981ರ ಚಳಿಗೆ ಊರಿನ ಕಿತ್ತಳೆ ಗಿಡಗಳೆಲ್ಲ ಸತ್ತವು. ಆಗ ಕೃಷಿ ಸಲಹೆಗಾರರಾಗಿ ಅಲ್ಲಿದ್ದವರು ಯೊಕೊಇಶಿ ತೊಮೊಜಿ ಅನ್ನುವ ಯುವಕ. ಒಸಾಕದ ಒಂದು ಸುಶಿ ಹೋಟೆಲಿನಲ್ಲಿ ಊಟದ ತಟ್ಟೆಗೆ ಅಲಂಕಾರಕ್ಕಿಟ್ಟ ಮೇಪಲ್ ಎಲೆಯನ್ನು ನೋಡಿ ಹುಡುಗಿಯರು ಖುಷಿಪಡುವುದು ಅವರ ಕಣ್ಣಿಗೆ ಬಿತ್ತು. ಇಂಥ ಎಲೆ ನಮ್ಮೂರಲ್ಲಿ ಕಸದ ಹಾಗೆ ಬಿದ್ದಿರುತ್ತದಲ್ಲ ಅನ್ನಿಸಿತು. 1986ರಲ್ಲಿ ಎಲೆ ಮಾರುವುದು ಶುರುವಾಯಿತು.

ಊರವರು ಮೊದಲು ನಕ್ಕರು. ಎಲೆ ಮಾರಿ ಬದುಕೋದಾ ಅಂತ. ಆದರೆ ಯಾವ ಮರ ಎಲ್ಲಿದೆ, ಯಾವ ಕೊಂಬೆ ಯಾವ ವಾರ ಕೆಂಪಾಗುತ್ತದೆ ಅನ್ನುವುದು ಗೊತ್ತಿದ್ದದ್ದು ಆ ಊರಿನ ಅಜ್ಜಿಯರಿಗೆ. ಈಗ 300ಕ್ಕೂ ಜಾಸ್ತಿ ಬಗೆಯ ಎಲೆ, ಹೂವು, ಚಿಗುರು ಹೋಟೆಲುಗಳಿಗೆ ಹೋಗುತ್ತವೆ. ವರ್ಷಕ್ಕೆ ಸುಮಾರು 26 ಕೋಟಿ ಯೆನ್ ವ್ಯಾಪಾರ. ಎಪ್ಪತ್ತು ಎಂಬತ್ತರ ಅಜ್ಜಿಯರು ಬೆಳಿಗ್ಗೆ ಟ್ಯಾಬ್ಲೆಟ್ ತೆರೆದು ಆರ್ಡರ್ ಹಿಡಿಯುತ್ತಾರೆ. ಇವತ್ತು ನಾನು ಎಷ್ಟನೇ ನಂಬರ್ ಅಂತ ಪಟ್ಟಿಯನ್ನೂ ನೋಡುತ್ತಾರೆ. ಪಕ್ಕದ ಮನೆಯವಳಿಗಿಂತ ಮುಂದಿರಬೇಕು ಅನ್ನುವ ಹಟ ಎಲ್ಲ ಊರಲ್ಲೂ ಒಂದೇ.

ಬಾಳೆ ಎಲೆ, ಮುತ್ತುಗದ ಎಲೆಯಲ್ಲಿ ಉಣ್ಣುವ ನಮಗೆ ಇದು ಅಷ್ಟೇನೂ ವಿಚಿತ್ರ ಅನ್ನಿಸಬಾರದು.

ಜೀವನಪೂರ್ತಿ ದುಡಿದವರು ಇನ್ನೂ ದುಡೀಬೇಕಾ? ಅವರಿಗೆ ವಿಶ್ರಾಂತಿ ಬೇಡ್ವಾ?

ಬೇಕು. "ಅನುಭವಕ್ಕೆ ಬೆಲೆ" ಅನ್ನುವ ಮಾತನ್ನು ಪಿಂಚಣಿ ಕತ್ತರಿಸಲು ನೆಪ ಮಾಡಿಕೊಳ್ಳುವ ಅಪಾಯ ಇದ್ದೇ ಇದೆ. ಜಪಾನಿನಲ್ಲೂ ಎಲ್ಲರೂ ಉತ್ಸಾಹದಿಂದ ದುಡಿಯುತ್ತಿಲ್ಲ. ಪಿಂಚಣಿ ಸಾಲದೆ ರಾತ್ರಿ ಪಾಳಿಯಲ್ಲಿ ರಸ್ತೆ ಕಾಮಗಾರಿಯ ಹತ್ತಿರ ಕೆಂಪು ದೀಪ ಆಡಿಸುತ್ತ ನಿಲ್ಲುವ ಅಜ್ಜಂದಿರಿದ್ದಾರೆ.

ಅಲ್ಲಿ ಒಂದು ಒಳ್ಳೆಯ ವ್ಯವಸ್ಥೆಯೂ ಇದೆ. 65ಕ್ಕೆ ಪಿಂಚಣಿ ತೆಗೆದುಕೊಳ್ಳದೆ ತಡ ಮಾಡಿದರೆ ತಿಂಗಳಿಗೆ 0.7% ಲೆಕ್ಕದಲ್ಲಿ ಅದು ಬೆಳೆಯುತ್ತದೆ. 75ರವರೆಗೆ ಕಾದರೆ 84% ಜಾಸ್ತಿ. ದುಡಿಯಬೇಕೋ ಬೇಡವೋ ಅನ್ನುವ ಆಯ್ಕೆ ಕೈಯಲ್ಲಿರುತ್ತದೆ. ನಮ್ಮ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಪಡೆಯುವ ಅಜ್ಜಿಗೆ ಅಂಥ ಆಯ್ಕೆ ಎಲ್ಲಿದೆ? ಅವರು ಕೂಲಿಗೆ ಹೋಗುವುದನ್ನು ಅನುಭವದ ಬಳಕೆ ಅಂತ ಕರೆಯಲು ನಾಚಿಕೆಯಾಗುತ್ತದೆ.

ಕರ್ನಾಟಕಕ್ಕೆ ಇದರ ಚಿಂತೆ ಈಗಲೇ ಯಾಕೆ? ನಮ್ಮದು ಯುವಕರ ದೇಶ ಅಲ್ವಾ?

ದೇಶ ಹೌದು. ರಾಜ್ಯ ಅಷ್ಟಿಲ್ಲ. 2019ರಿಂದ 21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದ ಹಾಗೇ ಇರಬೇಕಾದರೆ 2.1 ಬೇಕು. ಭಾರತದಲ್ಲಿ 2050ರ ಹೊತ್ತಿಗೆ ಐವರಲ್ಲಿ ಒಬ್ಬರು 60 ದಾಟಿರುತ್ತಾರೆ ಅನ್ನುವ ಅಂದಾಜಿದೆ, ದಕ್ಷಿಣದ ರಾಜ್ಯಗಳು ಅದಕ್ಕಿಂತ ಮುಂಚೆಯೇ ಅಲ್ಲಿಗೆ ಮುಟ್ಟುತ್ತವೆ.

ರಾಜ್ಯ ಸರ್ಕಾರಿ ನೌಕರರು 60ಕ್ಕೆ ನಿವೃತ್ತರಾಗುತ್ತಾರೆ. ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಗಳಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ಐವತ್ತಕ್ಕೇ ಹೊರಬಂದವರು ಎಷ್ಟೋ ಜನ. 2016ರಲ್ಲಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ಈಗ ಹಳೇ ಎಚ್‌ಎಂಟಿ ವಾಚುಗಳನ್ನು ಹುಡುಕಿ ಕೊಳ್ಳುವ ಹುಡುಗರಿದ್ದಾರೆ. ಅವನ್ನು ಬಿಚ್ಚಿ ಸರಿಯಾಗಿ ಮತ್ತೆ ಕೂಡಿಸಬಲ್ಲ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

60 ದಾಟಿದವರು ಕೆಲಸ ಹುಡುಕಲು ಕೇಂದ್ರ ಸರ್ಕಾರ 2021ರ ಅಕ್ಟೋಬರ್ 1ರಂದು ಸೇಕ್ರೆಡ್ ಅನ್ನುವ ಪೋರ್ಟಲ್ ಶುರು ಮಾಡಿದೆ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು.

ನಮ್ಮ ತಂದೆ ಮುಂದಿನ ತಿಂಗಳು ರಿಟೈರ್ ಆಗ್ತಾರೆ. ಸಲಹೆಗೆ ಬನ್ನಿ ಅಂತ ಕಂಪನಿ ಕೇಳಿದೆ. ಎಷ್ಟು ಕೇಳಬೇಕು?

ಗಂಟೆ ಲೆಕ್ಕ ಬೇಡ. ಜಾಸ್ತಿ ತಿಳಿದವರ ಕೆಲಸ ಬೇಗ ಮುಗಿಯುತ್ತದೆ, ಗಂಟೆ ಲೆಕ್ಕದಲ್ಲಿ ಅವರಿಗೇ ಕಡಿಮೆ ಸಿಗುತ್ತದೆ. ಒಂದು ಭೇಟಿಗೆ ಇಷ್ಟು ಅಂತಲೋ, ಫೋನಿನಲ್ಲಿ ಸಿಗುತ್ತೇನೆ ಅನ್ನುವುದಕ್ಕೆ ತಿಂಗಳಿಗೆ ಇಷ್ಟು ಅಂತಲೋ ಮಾತಾಡಿ. ರಾತ್ರಿ ಫೋನಿಗೆ ಬೇರೆ ದರ ಇರಲಿ. ನಮ್ಮಪ್ಪನ ಕತೆ ಹೇಳಿದ್ದು ಇದಕ್ಕೇ. ಕಾಗದದ ಮೇಲೆ ಬರೆಸಿಕೊಳ್ಳಿ, ಟಿಡಿಎಸ್ ಕಳೆದು ಕೈಗೆ ಎಷ್ಟು ಬರುತ್ತದೆ ಅಂತ ಮೊದಲೇ ಕೇಳಿ.

ಕಂಪನಿಯವರಿಗೂ ಒಂದು ಮಾತು: ಕೊನೆಯ ತಿಂಗಳು ತುಂಬ ತಡ. ಎಲ್ಲ ಬರೆದುಕೊಡಿ ಅಂತ ಕೂರಿಸಿದರೆ ಎಲ್ಲರಿಗೂ ಗೊತ್ತಿರುವುದನ್ನೇ ಬರೆಯುತ್ತಾರೆ. ಯಾವ ಸದ್ದು ಬಂದರೆ ಮೆಷಿನ್ ನಿಲ್ಲಿಸುತ್ತೀರಿ, ಸ್ವಲ್ಪದರಲ್ಲಿ ತಪ್ಪಿದ ಅನಾಹುತ ಯಾವುದು, ಕಷ್ಟ ಬಂದಾಗ ನೀವು ಯಾರಿಗೆ ಫೋನ್ ಮಾಡುತ್ತಿದ್ದಿರಿ, ಇಂಥದ್ದನ್ನು ಕೇಳಿ. ಕೇಳಲು ಮ್ಯಾನೇಜರನ್ನು ಕಳಿಸಬೇಡಿ, ನಾಳೆ ಆ ಕೆಲಸ ಮಾಡುವ ಹುಡುಗ ಹುಡುಗಿಯನ್ನು ಕಳಿಸಿ.

ಆ ವಾಚ್ ರಿಪೇರಿಯವರ ಅಂಗಡಿ ಎಲ್ಲಿದೆ? ಅಡ್ರೆಸ್ ಕೊಡಿ.

ಕೊಡಬೇಡಿ ಅಂದಿದ್ದಾರೆ. ದಿನಕ್ಕೆ ಆರು ವಾಚಿಗಿಂತ ಜಾಸ್ತಿ ಮುಟ್ಟುವುದಿಲ್ಲವಂತೆ, ಕಣ್ಣು ಸೋಲುತ್ತದೆ. ಮಧ್ಯಾಹ್ನ ಮೂರಕ್ಕೆ ಶಟರ್ ಎಳೆಯುತ್ತಾರೆ. ಮೊನ್ನೆ ಹೋದಾಗ ಜೆರಾಕ್ಸ್ ಅಂಗಡಿಯ ಹುಡುಗಿ ಅವರ ಸ್ಟೂಲಿನ ಪಕ್ಕ ಕೂತು ಒಂದು ಟೈಂಪೀಸ್ ಬಿಚ್ಚುತ್ತಿದ್ದಳು. ಒಂದು ಸ್ಕ್ರೂ ಎಲ್ಲೋ ಬಿದ್ದುಹೋಗಿತ್ತು. ಇಬ್ಬರೂ ನೆಲದ ಮೇಲೆ ಅಯಸ್ಕಾಂತ ಆಡಿಸುತ್ತ ಅದನ್ನು ಹುಡುಕುತ್ತಿದ್ದರು. ನನ್ನ ಕೈಯಲ್ಲಿ ವಾಚ್ ನೋಡಿ, "ನೀವು ಸ್ವಲ್ಪ ಆ ಕಡೆ ನಿಂತ್ಕೊಳ್ಳಿ" ಅಂದರು.